ಮೈಕ್ರೋಜೆಲ್‌ನಲ್ಲಿ ಲೋಹದ ನ್ಯಾನೋ ಕಣಗಳು: ಕ್ರಿಯಾವರ್ಧಕದ ವಿಜ್ಞಾನ ಮತ್ತು ಅದರ ಲೆಕ್ಕ

ಉತ್ಪಾದನಾ ಘಟಕವೊಂದರ ವೆಚ್ಚದ ಪಟ್ಟಿಯಲ್ಲಿ ಕಚ್ಚಾ ಮಾಲು, ಕೂಲಿ, ವಿದ್ಯುತ್ತು, ಸಾಗಣೆ ಮುಂತಾದ ಬಾಬುಗಳು ಎಲ್ಲರಿಗೂ ಪರಿಚಿತ. ಇವುಗಳ ನಡುವೆ ಯಾವ ಗುಂಪಿಗೂ ಸುಲಭವಾಗಿ ಸೇರದ ಬಾಬೊಂದುಂಟು. ಅದೇ ಕ್ರಿಯಾವರ್ಧಕ, ವ್ಯವಹಾರದಲ್ಲಿ ಅದನ್ನು ಕ್ಯಾಟಲಿಸ್ಟ್ ಎಂದೇ ಕರೆಯುವುದು ರೂಢಿ. ಅದು ಕಚ್ಚಾ ಮಾಲಿನಂತೆ ಪಾತ್ರೆಯೊಳಗೆ ಬೀಳುತ್ತದೆ, ಆದರೆ ಸಿದ್ಧ ವಸ್ತುವಿನ ಭಾಗವಾಗುವುದಿಲ್ಲ. ಯಂತ್ರದಂತೆ ಕೆಲಸ ಮಾಡಿಸುತ್ತದೆ, ಆದರೆ ಯಂತ್ರದಂತೆ ಒಂದೆಡೆ ನಿಲ್ಲುವುದಿಲ್ಲ. ಕೆಲಸ ಮುಗಿದ ಮೇಲೆ ಅದು ಮರಳಿ ಕೈಗೆ ಬಂದರೆ ಬಂಡವಾಳ, ಬಾರದಿದ್ದರೆ ಖರ್ಚು. ಈ ಒಂದು ಭೇದದ ಮೇಲೆಯೇ ಎಷ್ಟೋ ರಾಸಾಯನಿಕ ಉದ್ಯಮಗಳ ಲಾಭನಷ್ಟ ನಿಂತಿದೆ.

ಇತ್ತೀಚಿನ ವರ್ಷಗಳಲ್ಲಿ ಪ್ರಯೋಗಾಲಯಗಳಿಂದ ಹೊಸ ಬಗೆಯ ಕ್ರಿಯಾವರ್ಧಕಗಳ ವಿಷಯ ಕೇಳಿಬರುತ್ತಿದೆ. ಪಾಲಿಮರಿನ ಅತಿಸೂಕ್ಷ್ಮ ಜೆಲ್ ಕಣಗಳ ಒಳಗೆ ಬೆಳ್ಳಿ, ಚಿನ್ನ, ಪಲ್ಲಾಡಿಯಂ, ತಾಮ್ರ ಮುಂತಾದ ಲೋಹಗಳ ನ್ಯಾನೋ ಕಣಗಳನ್ನು ಕೂರಿಸಿ ಇವನ್ನು ತಯಾರಿಸಲಾಗುತ್ತದೆ. ಬಣ್ಣದ ನೀರನ್ನು ನಿಮಿಷಗಳಲ್ಲಿ ತಿಳಿಯಾಗಿಸುತ್ತವೆ, ಮತ್ತೆ ಮತ್ತೆ ಬಳಸಬಹುದು ಎಂಬುದು ಇವುಗಳ ಬಗೆಗಿನ ಮುಖ್ಯ ಮಾತು. ಈ ಮಾತಿನಲ್ಲಿ ನಿಜವೆಷ್ಟು, ಸಣ್ಣ ಉದ್ಯಮಿಯ ಲೆಕ್ಕಕ್ಕೆ ಅದು ಎಷ್ಟರಮಟ್ಟಿಗೆ ನಿಲ್ಲುತ್ತದೆ ಎಂಬುದನ್ನು ಪರಿಶೀಲಿಸುವುದು ಈ ಲೇಖನದ ಉದ್ದೇಶ.

ಶೇಂಗಾ ಎಣ್ಣೆಯಿಂದ ಕಲಿಯಬಹುದಾದ ಪಾಠ

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನ ಹಡಗಲಿ ಮತ್ತು ಹರಪನಹಳ್ಳಿ ತಾಲ್ಲೂಕುಗಳು 2021ರಿಂದ ವಿಜಯನಗರ ಜಿಲ್ಲೆಗೆ ಸೇರಿವೆ. ಶೇಂಗಾ ಮತ್ತು ಮೆಕ್ಕೆಜೋಳ ಈ ಭಾಗದ ವರ್ತಕರಿಗೆ ಹೊಸ ಸರಕುಗಳಲ್ಲ. ಇವೆರಡೂ ಮುಂದಿನ ಹಂತದ ಕಾರ್ಖಾನೆಯನ್ನು ಮುಟ್ಟಿದಾಗ ಕ್ರಿಯಾವರ್ಧಕವನ್ನು ಎದುರುಗೊಳ್ಳುತ್ತವೆ. ಮೆಕ್ಕೆಜೋಳದ ಪಿಷ್ಟದಿಂದ ಗ್ಲೂಕೋಸ್ ದೊರೆಯುತ್ತದೆ. ಆ ಗ್ಲೂಕೋಸಿಗೆ ನಿಕ್ಕಲ್ ಲೋಹದ ಸಮ್ಮುಖದಲ್ಲಿ ಜಲಜನಕ ಸೇರಿಸಿದರೆ ಟೂತ್‌ಪೇಸ್ಟು ಮತ್ತು ಔಷಧಗಳಿಗೆ ಬೇಕಾದ ಸಾರ್ಬಿಟಾಲ್ ಆಗುತ್ತದೆ. ದ್ರವರೂಪದ ಎಣ್ಣೆಗೆ ಅದೇ ರೀತಿ ಜಲಜನಕ ಸೇರಿಸಿದರೆ ಗಟ್ಟಿಯಾದ ವನಸ್ಪತಿ ದೊರೆಯುತ್ತದೆ.

ಲೋಹದ ಮೇಲೆ ಜಲಜನಕವನ್ನು ಸೇರಿಸುವ ಈ ಕ್ರಿಯೆಯ ಶೋಧಕ್ಕಾಗಿ ಫ್ರಾನ್ಸಿನ ಪಾಲ್ ಸಬಾಟಿಯೇ ಅವರಿಗೆ 1912ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು. ಅದನ್ನು ದ್ರವರೂಪದ ಎಣ್ಣೆಗಳಿಗೆ ಅನ್ವಯಿಸಿ 1902ರಲ್ಲಿ ಪೇಟೆಂಟ್ ಪಡೆದವರು ಜರ್ಮನಿಯ ವಿಲ್‌ಹೆಲ್ಮ್ ನಾರ್ಮನ್. ಭಾರತದಲ್ಲಿ 1937ರಲ್ಲಿ ಮಾರುಕಟ್ಟೆಗೆ ಬಂದ ಡಾಲ್ಡಾ ಮನೆಮಾತಾದುದರ ಹಿಂದೆ ಇದ್ದುದು ಇದೇ ರಸಾಯನ ವಿದ್ಯೆ.

ಈ ಉದ್ಯಮ ಕಲಿಸುವ ಪಾಠಗಳು ಮೂರು. ಮೊದಲನೆಯದಾಗಿ, ಒಂದು ಟನ್ ಎಣ್ಣೆಗೆ ಸಾಮಾನ್ಯವಾಗಿ ಕೆಲವು ನೂರು ಗ್ರಾಂ ನಿಕ್ಕಲ್ ಸಾಕು. ಅಲ್ಪ ಲೋಹದಿಂದ ಅಪಾರ ಕೆಲಸ ಆಗುತ್ತದೆ. ಎರಡನೆಯದಾಗಿ, ಗಂಧಕದ ಸಂಯುಕ್ತಗಳು, ಅಂಟು ಮತ್ತು ಸಾಬೂನಿನ ಅಂಶ ಉಳಿದ ಎಣ್ಣೆಯಲ್ಲಿ ನಿಕ್ಕಲ್ ಬೇಗನೆ ಸತ್ವ ಕಳೆದುಕೊಳ್ಳುತ್ತದೆ. ಆದ್ದರಿಂದ ಎಣ್ಣೆಯನ್ನು ಮೊದಲು ಶುದ್ಧೀಕರಿಸಲೇಬೇಕು. ಮೂರನೆಯದಾಗಿ, ಕ್ರಿಯೆ ಮುಗಿದ ಮೇಲೆ ಲೋಹವನ್ನು ಫಿಲ್ಟರ್ ಪ್ರೆಸ್ಸಿನಲ್ಲಿ ಸೋಸಿ ತೆಗೆಯಬೇಕು. ಸಿದ್ಧ ವನಸ್ಪತಿಯಲ್ಲಿ ನಿಕ್ಕಲ್ ಹತ್ತು ಲಕ್ಷ ಪಾಲಿಗೆ 1.5 ಪಾಲನ್ನು ಮೀರಬಾರದೆಂದು ಆಹಾರ ಕಾನೂನು ವಿಧಿಸಿದೆ. ಅಂದರೆ ಲೋಹವನ್ನು ಮರಳಿ ಪಡೆಯುವುದು ಉಳಿತಾಯದ ಮಾತು ಮಾತ್ರವಲ್ಲ, ಕಾನೂನಿನ ಮಾತೂ ಹೌದು. ವನಸ್ಪತಿಯ ಮಾರುಕಟ್ಟೆ ಇಂದು ಮೊದಲಿನಂತಿಲ್ಲ. ಟ್ರಾನ್ಸ್ ಕೊಬ್ಬಿನ ಮಿತಿಯನ್ನು 2022ರ ಜನವರಿಯಿಂದ ಶೇಕಡ 2ಕ್ಕೆ ಇಳಿಸಲಾಗಿದೆ. ಆದರೂ ಈ ಮೂರು ಪಾಠಗಳು ಯಾವುದೇ ಹೊಸ ಕ್ರಿಯಾವರ್ಧಕವನ್ನು ಅಳೆಯುವ ಅಳತೆಗೋಲಾಗಿ ಉಳಿದಿವೆ.

ಕಣ ಚಿಕ್ಕದಾದಷ್ಟೂ ಕೆಲಸ ಹೆಚ್ಚು

ಕ್ರಿಯೆ ನಡೆಯುವುದು ಲೋಹದ ಮೇಲ್ಮೈಯಲ್ಲಿ. ಗಟ್ಟಿಯ ಒಳಗಿರುವ ಲೋಹ ಸುಮ್ಮನೆ ಕುಳಿತ ಬಂಡವಾಳ. ಒಂದು ಸೆಂಟಿಮೀಟರ್ ಅಳತೆಯ ಬೆಳ್ಳಿಯ ಘನವನ್ನು ತೆಗೆದುಕೊಂಡರೆ ಅದರ ತೂಕ ಸುಮಾರು 10.5 ಗ್ರಾಂ, ಒಂದು ತೊಲಕ್ಕಿಂತ ಕಡಿಮೆ. ಅದರ ಆರು ಮುಖಗಳ ಒಟ್ಟು ವಿಸ್ತೀರ್ಣ 6 ಚದರ ಸೆಂಟಿಮೀಟರ್. ಅದೇ ಬೆಳ್ಳಿಯನ್ನು 10 ನ್ಯಾನೋಮೀಟರ್ ಅಳತೆಯ ಘನಗಳಾಗಿ ಒಡೆದರೆ ಒಟ್ಟು ಮೇಲ್ಮೈ 600 ಚದರ ಮೀಟರ್ ಆಗುತ್ತದೆ. ಜಮೀನಿನ ಲೆಕ್ಕದಲ್ಲಿ ಹೇಳುವುದಾದರೆ ಸುಮಾರು ಆರು ಗುಂಟೆ. ಒಂದು ನ್ಯಾನೋಮೀಟರ್ ಎಂದರೆ ಒಂದು ಮಿಲಿಮೀಟರಿನ ಹತ್ತು ಲಕ್ಷದಲ್ಲಿ ಒಂದು ಭಾಗ. ತೊಲದಷ್ಟೂ ಇಲ್ಲದ ಬೆಳ್ಳಿಗೆ ಆರು ಗುಂಟೆಯ ಕಾರ್ಯಕ್ಷೇತ್ರ ದೊರೆಯುವುದೇ ನ್ಯಾನೋ ಕಣಗಳ ಆಕರ್ಷಣೆ.

ತೊಡಕು ಇಲ್ಲದಿಲ್ಲ. ಮಳೆಗಾಲದಲ್ಲಿ ತೆರೆದಿಟ್ಟ ಸಕ್ಕರೆ ಗಡ್ಡೆಕಟ್ಟುವಂತೆ, ನೀರಿನಲ್ಲಿ ಬಿಟ್ಟ ನ್ಯಾನೋ ಕಣಗಳು ಒಂದಕ್ಕೊಂದು ಅಂಟಿ ದೊಡ್ಡ ಗಡ್ಡೆಗಳಾಗುತ್ತವೆ. ಆಗ ಆರು ಗುಂಟೆ ಮತ್ತೆ ಅಂಗೈಯಗಲಕ್ಕೆ ಕುಗ್ಗುತ್ತದೆ. ಗಡ್ಡೆಕಟ್ಟದೆ ಉಳಿದವು ನೀರಿನೊಡನೆ ಹರಿದುಹೋಗುತ್ತವೆ. ಈ ಎರಡೂ ನಷ್ಟಗಳನ್ನು ತಡೆಯಲು ಕಣಗಳನ್ನು ಹಿಡಿದಿಡುವ ಒಂದು ಬಲೆ ಬೇಕು.

ಮೈಕ್ರೋಜೆಲ್ ಎಂಬ ಬಲೆ

ಆ ಬಲೆಯೇ ಮೈಕ್ರೋಜೆಲ್. ಪಾಲಿಮರಿನ ಉದ್ದ ಎಳೆಗಳನ್ನು ಅಲ್ಲಲ್ಲಿ ಗಂಟುಹಾಕಿ ಹೆಣೆದ, ನೀರನ್ನು ಹೀರಿ ಉಬ್ಬುವ ಸೂಕ್ಷ್ಮ ಉಂಡೆ ಇದು. ಇದರ ಗಾತ್ರ ಸಾಮಾನ್ಯವಾಗಿ 100 ನ್ಯಾನೋಮೀಟರಿನಿಂದ ಕೆಲವು ಮೈಕ್ರಾನ್‌ವರೆಗೆ ಇರುತ್ತದೆ. ಹೆಚ್ಚು ಬಳಕೆಯಲ್ಲಿರುವುದು ಪಾಲಿ ಐಸೊಪ್ರೊಪೈಲ್ ಅಕ್ರಿಲಮೈಡ್ ಎಂಬ ಪಾಲಿಮರ್. ಇದರ ಮೈಕ್ರೋಜೆಲ್ ತಯಾರಿಕೆಯನ್ನು ಪೆಲ್ಟನ್ ಮತ್ತು ಶಿಬಾಂಟೆ ಎಂಬ ಸಂಶೋಧಕರು 1986ರಲ್ಲಿ ಪ್ರಕಟಿಸಿದರು. ಈ ಜೆಲ್ಲಿನ ವಿಶೇಷ ಗುಣವೆಂದರೆ ಸುಮಾರು 32 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ನೀರು ಹೀರಿ ಉಬ್ಬುತ್ತದೆ, ಅದಕ್ಕಿಂತ ಮೇಲೆ ನೀರನ್ನು ಹೊರಹಾಕಿ ಕುಗ್ಗುತ್ತದೆ.

ತಯಾರಿಕೆಯ ಕ್ರಮ ಹೀಗಿದೆ: ಮೂಲ ದ್ರವ್ಯವನ್ನು ಗಂಟುಹಾಕುವ ರಾಸಾಯನಿಕದೊಡನೆ ಸುಮಾರು 70 ಡಿಗ್ರಿ ಉಷ್ಣತೆಯ ನೀರಿನಲ್ಲಿ, ಗಾಳಿಯ ಸಂಪರ್ಕ ತಪ್ಪಿಸಿ ಕಲಕಿದಾಗ ಜೆಲ್ ಕಣಗಳು ರೂಪುಗೊಳ್ಳುತ್ತವೆ. ಇದಕ್ಕೆ ಅಕ್ರಿಲಿಕ್ ಆಮ್ಲವನ್ನು ಅಲ್ಪ ಪ್ರಮಾಣದಲ್ಲಿ ಸೇರಿಸಿದರೆ ಬಲೆಯ ಎಳೆಗಳಿಗೆ ಲೋಹವನ್ನು ಹಿಡಿಯುವ ಕೊಕ್ಕೆಗಳು ಬಂದಂತಾಗುತ್ತದೆ. ಬಳಿಕ ಬೆಳ್ಳಿಯ ನೈಟ್ರೇಟ್ ದ್ರಾವಣ ಬೆರೆಸಿದರೆ ಬೆಳ್ಳಿಯ ಅಯಾನುಗಳು ಒಳಗೆ ಸೇರುತ್ತವೆ. ಸೋಡಿಯಂ ಬೋರೋಹೈಡ್ರೈಡ್ ಸೇರಿಸಿದಾಗ ಅವು ಅಲ್ಲಿಯೇ ಲೋಹದ ಕಣಗಳಾಗಿ ನೆಲೆಸುತ್ತವೆ. ಕಣಗಳು ಒಂದಕ್ಕೊಂದು ಅಂಟಲು ಬಲೆ ಬಿಡುವುದಿಲ್ಲ. ಆದರೆ ನೀರು ಮತ್ತು ಅದರಲ್ಲಿ ಕರಗಿದ ವಸ್ತುಗಳು ಬಲೆಯೊಳಗೆ ಓಡಾಡಬಲ್ಲವು.

ಪ್ರಯೋಗಾಲಯದಲ್ಲಿ ಸಿದ್ಧಪಟ್ಟದ್ದು

ಇಂತಹ ಕ್ರಿಯಾವರ್ಧಕಗಳ ಶಕ್ತಿಯನ್ನು ಅಳೆಯಲು ಜಗತ್ತಿನಾದ್ಯಂತ ಒಂದೇ ಪರೀಕ್ಷೆ ರೂಢಿಯಲ್ಲಿದೆ. ಹಳದಿ ಬಣ್ಣದ ನೈಟ್ರೋಫೀನಾಲ್ ದ್ರಾವಣಕ್ಕೆ ಬೋರೋಹೈಡ್ರೈಡ್ ಮತ್ತು ಲೋಹದ ಕಣ ಸೇರಿಸಿ, ಅದು ಬಣ್ಣವಿಲ್ಲದ ಅಮೈನೋಫೀನಾಲ್ ಆಗಲು ಹಿಡಿಯುವ ಕಾಲವನ್ನು ಅಳೆಯುತ್ತಾರೆ. ಈ ಕ್ರಿಯೆಯ ಆರಂಭಿಕ ಅಧ್ಯಯನಗಳಲ್ಲಿ ಖರಗಪುರದ ಐ.ಐ.ಟಿ.ಯ ತರಸಂಕರ್ ಪಾಲ್ ಮತ್ತು ಸಂಗಡಿಗರ 2002ರ ಪ್ರಬಂಧ ಪ್ರಮುಖವಾದುದು. ಪರೀಕ್ಷೆಗಾಗಿ ಆಯ್ದ ಕ್ರಿಯೆಯಾದರೂ ಇದಕ್ಕೆ ವಾಣಿಜ್ಯ ಮಹತ್ವವೂ ಇದೆ. ಪ್ಯಾರಾ ಅಮೈನೋಫೀನಾಲ್ ಪ್ಯಾರಾಸಿಟಮಾಲ್ ಮಾತ್ರೆಯ ಮೂಲವಸ್ತು. ದೇಶದೊಳಗೆ ತಯಾರಾಗಬೇಕಾದ ಔಷಧ ಮೂಲವಸ್ತುಗಳಿಗೆ ಕೇಂದ್ರ ಸರ್ಕಾರ 2020ರಲ್ಲಿ ಪ್ರಕಟಿಸಿದ ಉತ್ಪಾದನಾ ಪ್ರೋತ್ಸಾಹಕ ಯೋಜನೆಯ ಪಟ್ಟಿಯಲ್ಲಿ ಅದೂ ಸೇರಿದೆ.

ಜರ್ಮನಿಯ ಮಥಿಯಾಸ್ ಬಲ್ಲಾಫ್, ಯಾನ್ ಲು ಮತ್ತು ಸಂಗಡಿಗರು 2006ರಲ್ಲಿ ಇನ್ನೊಂದು ಮುಖ್ಯ ಸಂಗತಿಯನ್ನು ತೋರಿಸಿಕೊಟ್ಟರು. ಸಾಮಾನ್ಯವಾಗಿ ಉಷ್ಣತೆ ಏರಿದಂತೆ ಕ್ರಿಯೆಯ ವೇಗವೂ ಏರಬೇಕು. ಮೈಕ್ರೋಜೆಲ್ ಹೊದಿಕೆಯೊಳಗೆ ಬೆಳ್ಳಿ ಇದ್ದಾಗ ಹಾಗಾಗಲಿಲ್ಲ. ಜೆಲ್ ಕುಗ್ಗುವ ಉಷ್ಣತೆಯ ಬಳಿ ವೇಗ ಇಳಿಯಿತು. ಕುಗ್ಗಿದ ಬಲೆಯೊಳಗೆ ವಸ್ತುಗಳು ನುಗ್ಗುವುದು ಕಷ್ಟವಾದುದೇ ಕಾರಣ. ಜೆಲ್ ಎಂಬುದು ಬರೀ ಚೀಲವಲ್ಲ, ತೆರೆದು ಮುಚ್ಚುವ ಬಾಗಿಲು ಎಂಬುದು ಇದರಿಂದ ಖಚಿತವಾಯಿತು.

ಇಲ್ಲಿಯವರೆಗಿನ ವಿಷಯ ವಿಜ್ಞಾನವಾಗಿ ಗಟ್ಟಿಯಾದುದು. ಆದರೆ ಈ ಫಲಿತಾಂಶಗಳು ಬಹುಪಾಲು ಬಂದಿರುವುದು ಶುದ್ಧ ನೀರಿನಲ್ಲಿ, ಒಂದೇ ಬಣ್ಣದಲ್ಲಿ, ಕೆಲವು ಮಿಲಿಲೀಟರ್ ಪ್ರಮಾಣದಲ್ಲಿ. ಕಾರ್ಖಾನೆಯ ನೀರು ಹಾಗಿರುವುದಿಲ್ಲ.

ಈ ಭಾಗದ ಬಿಸಿಲು, ನೀರು ಮತ್ತು ಬಣ್ಣ

ಬಣ್ಣ ತೆಗೆಯುವ ಪುಡಿ ಅಥವಾ ದ್ರವ ಎಂಬ ಮಾತು ಕೇಳಿದೊಡನೆ ಈ ಭಾಗದವರ ಮನಸ್ಸು ಹೋಗುವುದು ಜೀನ್ಸ್ ಉಡುಪುಗಳಿಗೆ ಹೆಸರಾದ ನೆರೆಯ ಬಳ್ಳಾರಿಯ ತೊಳೆಯುವ ಘಟಕಗಳ ಕಡೆಗೆ. ಅಲ್ಲಿನ ನೀಲಿ ನೀರು ಉದ್ಯಮಕ್ಕೂ ಊರಿಗೂ ದೊಡ್ಡ ಪ್ರಶ್ನೆ. ಮೈಕ್ರೋಜೆಲ್ ಕ್ರಿಯಾವರ್ಧಕ ಅದಕ್ಕೆ ಉತ್ತರವಾಗಬಲ್ಲುದೇ ಎಂದು ಪರೀಕ್ಷಿಸಿದರೆ ಐದು ಸಂಗತಿಗಳು ಅಡ್ಡಬರುತ್ತವೆ.

1. ಬಿಸಿಲು. ಬೇಸಿಗೆಯಲ್ಲಿ ಈ ಬಯಲುಸೀಮೆಯ ಉಷ್ಣತೆ 40 ಡಿಗ್ರಿಯ ಆಸುಪಾಸಿಗೆ ಏರುತ್ತದೆ. ತೊಟ್ಟಿಯ ನೀರು 32 ಡಿಗ್ರಿ ದಾಟಿದರೆ ಜೆಲ್ ಕುಗ್ಗುತ್ತದೆ. ನೀರಿನಲ್ಲಿ ಉಪ್ಪಿನಂಶ ಹೆಚ್ಚಿದ್ದರೆ ಇನ್ನೂ ಕಡಿಮೆ ಉಷ್ಣತೆಯಲ್ಲಿಯೇ ಕುಗ್ಗುತ್ತದೆ.

2. ನೀರು. ಕೊಳವೆ ಬಾವಿಯ ಗಡಸು ನೀರಿನಲ್ಲಿರುವ ಕ್ಯಾಲ್ಸಿಯಂ, ಜೆಲ್ಲಿನ ಆಮ್ಲದ ಕೊಕ್ಕೆಗಳನ್ನು ತಾನೇ ಹಿಡಿದು ಬಲೆಯನ್ನು ಬಿಗಿಯುತ್ತದೆ. ನೀರಿನಲ್ಲಿರುವ ಕ್ಲೋರೈಡ್ ಸಹ ಬೆಳ್ಳಿಯ ಕಣಗಳಿಗೆ ಹಿತವಲ್ಲ.

3. ಗಂಧಕ. ಕಪ್ಪು ಜೀನ್ಸ್‌ಗೆ ಬಳಸುವ ಸಲ್ಫರ್ ಬಣ್ಣಗಳ ನೀರಿನಲ್ಲಿ ಗಂಧಕದ ಸಂಯುಕ್ತಗಳಿರುತ್ತವೆ. ಎಣ್ಣೆಯಲ್ಲಿ ನಿಕ್ಕಲನ್ನು ಕೆಡಿಸುವ ಗಂಧಕವೇ ಇಲ್ಲಿ ಬೆಳ್ಳಿ ಮತ್ತು ಪಲ್ಲಾಡಿಯಂ ಲೋಹಗಳನ್ನು ಕೆಡಿಸುತ್ತದೆ.

4. ಬಣ್ಣದ ಸ್ವಭಾವ. ಜೀನ್ಸಿನ ನೀಲಿ ಬಣ್ಣ ಇಂಡಿಗೊ. ಬೋರೋಹೈಡ್ರೈಡ್ ಮತ್ತು ಲೋಹದ ಕಣ ಸೇರಿ ಮಾಡುವ ಕೆಲಸಕ್ಕೆ ಅಪಕರ್ಷಣೆ ಎಂದು ಹೆಸರು. ಬಣ್ಣಗಾರರು ಹೈಡ್ರೋಸ್ ಹಾಕಿ ನೀಲಿಯನ್ನು ಕರಗಿಸುವಾಗ ಮಾಡುವುದೂ ಅದನ್ನೇ. ಹಾಗೆ ಕರಗಿದ ಇಂಡಿಗೊ ಗಾಳಿಗೆ ಸಿಕ್ಕೊಡನೆ ಮತ್ತೆ ನೀಲಿಯಾಗುತ್ತದೆ. ಬಟ್ಟೆಗೆ ನೀಲಿ ಹತ್ತುವುದೇ ಈ ಗುಣದಿಂದ. ಆದ್ದರಿಂದ ಸೀಸೆಯಲ್ಲಿ ತಿಳಿಯಾದ ನೀರು ತೊಟ್ಟಿಯಲ್ಲಿ ಮತ್ತೆ ನೀಲಿಯಾಗುವ ಸಂಭವವಿದೆ. ಪ್ರಯೋಗಗಳಲ್ಲಿ ಹೆಚ್ಚಾಗಿ ಬಳಸುವ ಮೆಥಿಲೀನ್ ಬ್ಲೂ ಬಣ್ಣಕ್ಕೂ ಇದೇ ಗುಣವುಂಟು.

5. ಒಡೆದ ಬಣ್ಣದ ಉಳಿಕೆ. ಅಜೋ ಗುಂಪಿನ ಬಣ್ಣಗಳು ಅಪಕರ್ಷಣೆಯಿಂದ ನಿಜವಾಗಿಯೂ ಒಡೆಯುತ್ತವೆ. ಆದರೆ ಒಡೆದಾಗ ಅಮೀನುಗಳೆಂಬ ಬಣ್ಣವಿಲ್ಲದ ವಸ್ತುಗಳಾಗುತ್ತವೆ. ಅವುಗಳಲ್ಲಿ ಕೆಲವು ಮೂಲ ಬಣ್ಣಕ್ಕಿಂತ ಹೆಚ್ಚು ಹಾನಿಕಾರಕ. ಇಂತಹ ಅಮೀನುಗಳನ್ನು ಬಿಡುಗಡೆ ಮಾಡುತ್ತವೆ ಎಂಬ ಕಾರಣಕ್ಕಾಗಿಯೇ ಕೇಂದ್ರ ಸರ್ಕಾರ 1997ರಲ್ಲಿ 70 ಅಜೋ ಬಣ್ಣಗಳನ್ನು ನಿಷೇಧಿಸಿತು.

ಬಣ್ಣ ಹೋದ ಮಾತ್ರಕ್ಕೆ ನೀರು ಶುದ್ಧವಾಯಿತೆಂದು ತಿಳಿಯಬಾರದು. ಮಾಲಿನ್ಯ ನಿಯಂತ್ರಣ ಮಂಡಳಿ ಕೇವಲ ಬಣ್ಣವನ್ನು ನೋಡುವುದಿಲ್ಲ; ನೀರಿನ ಆಮ್ಲಜನಕ ಬೇಡಿಕೆ, ಕರಗಿದ ಲವಣ, ಲೋಹದ ಅಂಶ ಎಲ್ಲವನ್ನೂ ನೋಡುತ್ತದೆ. ಬೋರೋಹೈಡ್ರೈಡ್ ಬಳಸಿದ ನೀರಿನಲ್ಲಿ ಬೋರಾನ್ ಲವಣ ಹೊಸದಾಗಿ ಸೇರಿರುತ್ತದೆ. ಬೆಳ್ಳಿಯ ಕಣಗಳು ತಪ್ಪಿಸಿಕೊಂಡು ಇ.ಟಿ.ಪಿ.ಯ ಜೈವಿಕ ತೊಟ್ಟಿಗೆ ಸೇರಿದರೆ ಅಲ್ಲಿ ಕೊಳೆಯನ್ನು ತಿಂದು ಬದುಕುವ ಸೂಕ್ಷ್ಮಜೀವಿಗಳನ್ನೇ ಕೊಲ್ಲಬಲ್ಲವು.

ಮರಳಿ ಬರುವ ಲೋಹದ ಲೆಕ್ಕ

ಈಗ ಅಂಕಿಗಳಿಗೆ ಬರೋಣ. ತಿಳಿವಳಿಕೆಗಾಗಿ ಒಂದು ಕಲ್ಪಿತ ಉದಾಹರಣೆ: ಕ್ರಿಯಾವರ್ಧಕದ ಬೆಲೆ ರೂ. 50,000, ಅದರಲ್ಲಿರುವ ಲೋಹದ ಮೌಲ್ಯ ರೂ. 20,000, ಉಳಿದ ರೂ. 30,000 ತಯಾರಿಕೆಯ ಮೌಲ್ಯ.

ಒಂದು ಸಲ ಬಳಸಿ ನೀರಿನೊಡನೆ ಹೋಗಗೊಟ್ಟರೆ ಒಂದು ಬ್ಯಾಚಿನ ವೆಚ್ಚ ಪೂರ್ತಿ ರೂ. 50,000.

ಪ್ರತಿ ಬ್ಯಾಚಿನಲ್ಲಿ ಶೇಕಡ 10ರಷ್ಟು ಕ್ರಿಯಾವರ್ಧಕ ಕಳೆದುಹೋಗುತ್ತದೆ ಎನ್ನೋಣ. ಹತ್ತು ಬ್ಯಾಚ್ ಮುಗಿಯುವಾಗ ಉಳಿಯುವುದು ಶೇಕಡ 35 ಮಾತ್ರ. ಆಗ ಕೆಲಸ ನಿಲ್ಲಿಸಲೇಬೇಕು. ಉಳಿದ ಲೋಹದಿಂದ ಸುಮಾರು ರೂ. 7,000 ಬಂದರೆ, ಒಂದು ಬ್ಯಾಚಿನ ವೆಚ್ಚ ಸುಮಾರು ರೂ. 4,300.

ನಷ್ಟ ಶೇಕಡ 2 ಮಾತ್ರವಾದರೆ ಮೂವತ್ತು ಬ್ಯಾಚುಗಳ ನಂತರವೂ ಶೇಕಡ 54ಕ್ಕಿಂತ ಹೆಚ್ಚು ಉಳಿದಿರುತ್ತದೆ. ಉಳಿದ ಲೋಹದ ಮೌಲ್ಯ ಸುಮಾರು ರೂ. 10,900, ಒಂದು ಬ್ಯಾಚಿನ ವೆಚ್ಚ ಸುಮಾರು ರೂ. 1,300.

ಶೇಕಡ 90 ಮರಳುವುದಕ್ಕೂ ಶೇಕಡ 98 ಮರಳುವುದಕ್ಕೂ ನಡುವೆ ಕಾಣುವ ಅಂತರ ಅಲ್ಪ. ವೆಚ್ಚದಲ್ಲಿ ಆಗುವ ಅಂತರ ಮೂರು ಪಟ್ಟಿಗೂ ಹೆಚ್ಚು. "ಮತ್ತೆ ಬಳಸಬಹುದು" ಎಂಬ ಮಾತು ಆದ್ದರಿಂದ ಸಾಲದು. ಪ್ರತಿ ಸುತ್ತಿನಲ್ಲಿ ಎಷ್ಟು ಮರಳುತ್ತದೆ ಎಂಬ ಅಂಕಿ ಬೇಕು. ಇಲ್ಲಿಯೇ ಮೈಕ್ರೋಜೆಲ್ಲಿನ ದೌರ್ಬಲ್ಯವೂ ಇದೆ. ಎಣ್ಣೆ ಕಾರ್ಖಾನೆಯ ನಿಕ್ಕಲ್ ಕೆಲವು ಮೈಕ್ರಾನ್ ಗಾತ್ರದ ಆಧಾರ ಕಣಗಳ ಮೇಲಿರುವುದರಿಂದ ಫಿಲ್ಟರ್ ಬಟ್ಟೆಗೆ ಸಿಗುತ್ತದೆ. ಒಂದು ಮೈಕ್ರಾನ್‌ಗಿಂತ ಚಿಕ್ಕದಾದ ಮೈಕ್ರೋಜೆಲ್ ಸಾಮಾನ್ಯ ಬಟ್ಟೆಗೆ ಸಿಗುವುದಿಲ್ಲ. ಪ್ರಯೋಗಾಲಯದಲ್ಲಿ ಅದನ್ನು ನಿಮಿಷಕ್ಕೆ ಸಾವಿರಾರು ಸುತ್ತು ತಿರುಗುವ ಸೆಂಟ್ರಿಫ್ಯೂಜ್ ಯಂತ್ರದಿಂದ ಬೇರ್ಪಡಿಸುತ್ತಾರೆ. ಕಬ್ಬಿಣದ ಆಕ್ಸೈಡ್ ಸೇರಿಸಿ ಅಯಸ್ಕಾಂತದಿಂದ ಸೆಳೆಯುವ ವಿಧಾನವೂ ಅಧ್ಯಯನದಲ್ಲಿದೆ. ಬೇರ್ಪಡಿಸುವ ಯಂತ್ರದ ಬಂಡವಾಳ ಮತ್ತು ವಿದ್ಯುತ್ತು ಮೇಲಿನ ಲೆಕ್ಕದಲ್ಲಿ ಸೇರಿಲ್ಲ ಎಂಬುದನ್ನು ಗಮನಿಸಬೇಕು.

ಸೇರದಿರುವ ಇನ್ನೊಂದು ಬಾಬು ಬೋರೋಹೈಡ್ರೈಡ್. ಇದು ಕ್ರಿಯಾವರ್ಧಕವಲ್ಲ, ಪ್ರತಿ ಬ್ಯಾಚಿಗೂ ಹೊಸದಾಗಿ ಖರ್ಚಾಗುವ ವಸ್ತು. ಸಿದ್ಧಾಂತದ ಪ್ರಕಾರ 139 ಗ್ರಾಂ ನೈಟ್ರೋಫೀನಾಲ್‌ಗೆ 30 ಗ್ರಾಮಿಗಿಂತ ಕಡಿಮೆ ಬೋರೋಹೈಡ್ರೈಡ್ ಸಾಕು. ಪರೀಕ್ಷೆಗಳಲ್ಲಿ ನೈಟ್ರೋಫೀನಾಲಿನ ಅಣುಗಳಿಗಿಂತ ನೂರು ಪಟ್ಟು ಬೋರೋಹೈಡ್ರೈಡ್ ಅಣುಗಳನ್ನು ಬಳಸುವುದು ಸಾಮಾನ್ಯ; ತೂಕದಲ್ಲಿ ಅದು ಸುಮಾರು 3.8 ಕಿಲೋ ಆಗುತ್ತದೆ. ವೇಗವನ್ನು ಕರಾರುವಾಕ್ಕಾಗಿ ಅಳೆಯಲು ವಿಜ್ಞಾನಿಗೆ ಈ ಹೆಚ್ಚುವರಿ ಬೇಕು. ಉತ್ಪಾದಕನು ಅದೇ ಪ್ರಮಾಣವನ್ನು ಅನುಸರಿಸಿದರೆ ಲೋಹದಲ್ಲಿ ಉಳಿಸಿದ್ದಕ್ಕಿಂತ ಎಷ್ಟೋ ಪಟ್ಟು ಇಲ್ಲಿ ಕಳೆದುಕೊಳ್ಳುತ್ತಾನೆ. ದೊಡ್ಡ ಕೈಗಾರಿಕೆ ಬೋರೋಹೈಡ್ರೈಡನ್ನು ಬಿಟ್ಟು ಜಲಜನಕ ಅನಿಲವನ್ನು ಬಳಸುವುದಕ್ಕೆ ಕಾರಣ ಇದೇ.

ಪುಸ್ತಕ, ತೆರಿಗೆ ಮತ್ತು ಕಾನೂನು

ಹನ್ನೆರಡು ತಿಂಗಳೊಳಗೆ ಮುಗಿಯುವ ಕ್ರಿಯಾವರ್ಧಕವನ್ನು ಉತ್ಪಾದನೆಯಲ್ಲಿ ಬಳಕೆಯಾಗುವ ದಾಸ್ತಾನೆಂದು ಪರಿಗಣಿಸುವುದು ಸೂಕ್ತ. ಅದಕ್ಕಿಂತ ಹೆಚ್ಚು ಕಾಲ ಉಳಿಯುವುದನ್ನು ಸ್ಥಿರಾಸ್ತಿಯ ಸಾಲಿನಲ್ಲಿ ತೋರಿಸಿ ಸವಕಳಿ ತೆಗೆಯುವ ಪ್ರಶ್ನೆ ಬರುತ್ತದೆ. ಎರಡರಲ್ಲಿ ಯಾವುದಾದರೂ ದಾಸ್ತಾನು ಪುಸ್ತಕದಲ್ಲಿ ತೂಕದ ಜೊತೆಗೆ ಲೋಹದ ಅಂಶವನ್ನೂ ಬರೆದಿಡಬೇಕು. ಜೆಲ್ ನೀರು ಹೀರಿದಾಗ ತೂಕ ಹೆಚ್ಚುತ್ತದೆ. ತೂಕ ಸರಿಯಿದ್ದು ಲೋಹ ಕಡಿಮೆಯಾಗಿರುವ ಸಾಧ್ಯತೆ ಇದೆ.

ಜಿ.ಎಸ್.ಟಿ.ಯಲ್ಲಿ ಕ್ರಿಯಾವರ್ಧಕ ಸಿದ್ಧತೆಗಳು 3815ನೇ ಶೀರ್ಷಿಕೆಯಡಿ ಬರುತ್ತವೆ. ಕಲಿಲ ರೂಪದ ಅಮೂಲ್ಯ ಲೋಹಗಳಿಗೆ 2843ನೇ ಶೀರ್ಷಿಕೆ ಇದೆ. ಖರೀದಿಯ ಬಿಲ್ಲಿನಲ್ಲಿ ಯಾವುದನ್ನು ನಮೂದಿಸಲಾಗಿದೆ ಎಂಬುದನ್ನು ಮೊದಲೇ ಖಚಿತಪಡಿಸಿಕೊಳ್ಳಬೇಕು. ಒಳಸುರಿಯಾಗಿ ಖರೀದಿಸಿದ ಸರಕನ್ನು ಜಾಬ್ ವರ್ಕಿಗೆ ಕಳುಹಿಸಿದರೆ ಅದು ಒಂದು ವರ್ಷದೊಳಗೆ ಮರಳಬೇಕೆಂಬ ನಿಯಮವನ್ನೂ ನೆನಪಿಡಬೇಕು. ಸತ್ವ ಕಳೆದುಕೊಂಡ ಕ್ರಿಯಾವರ್ಧಕ 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳ ವ್ಯಾಪ್ತಿಗೆ ಬರಬಹುದು. ಅದನ್ನು ಗುಜರಿಗೆ ಮಾರುವಂತಿಲ್ಲ. ಅಧಿಕೃತ ಪರವಾನಗಿ ಉಳ್ಳವರಿಗೇ ದಾಖಲೆಸಹಿತ ಒಪ್ಪಿಸಬೇಕು.

ಖರೀದಿಗೆ ಮುನ್ನ ಕೇಳಬೇಕಾದ ಪ್ರಶ್ನೆಗಳು

ನ್ಯಾನೋ ಕ್ರಿಯಾವರ್ಧಕವೆಂಬ ಹೆಸರಿನಲ್ಲಿ ಯಾವುದೇ ಪ್ರಸ್ತಾಪ ಬಂದಲ್ಲಿ ಉದ್ಯಮಿಯು ಈ ಐದು ಪ್ರಶ್ನೆಗಳಿಗೆ ಲಿಖಿತ ಉತ್ತರ ಪಡೆಯುವುದು ಒಳ್ಳೆಯದು.

1. ಲೋಹ ಯಾವುದು, ಒಂದು ಕಿಲೋದಲ್ಲಿ ಎಷ್ಟು ಗ್ರಾಂ ಇದೆ?
2. ಪ್ರತಿ ಬ್ಯಾಚಿನ ನಂತರ ಎಷ್ಟು ಮರಳುತ್ತದೆ, ಯಾವ ಸಾಧನದಿಂದ?
3. ಕ್ರಿಯಾವರ್ಧಕದ ಜೊತೆಗೆ ಪ್ರತಿ ಸಲ ಖರ್ಚಾಗುವ ರಾಸಾಯನಿಕ ಯಾವುದು, ಎಷ್ಟು?
4. ಬಣ್ಣ ಹೋದ ಮೇಲೆ ನೀರಿನಲ್ಲಿ ಉಳಿಯುವುದು ಏನು? ಗಾಳಿಗೆ ಒಂದು ದಿನ ತೆರೆದಿಟ್ಟ ಮೇಲೆ ಬಣ್ಣ ಮರಳುತ್ತದೆಯೇ?
5. ಬಳಸಿ ಮುಗಿದುದನ್ನು ಮಾರಿದವರೇ ಮರಳಿ ಕೊಳ್ಳುತ್ತಾರೆಯೇ, ಯಾವ ದರದಲ್ಲಿ?

ಪರೀಕ್ಷೆ ನಡೆಯಬೇಕಾದುದು ಮಾರಾಟಗಾರರು ತಂದ ಸೀಸೆಯಲ್ಲಲ್ಲ. ಘಟಕದ ಸ್ವಂತ ನೀರಿನಲ್ಲಿ, ಬೇಸಿಗೆಯ ಒಂದು ಮಧ್ಯಾಹ್ನ, ಕನಿಷ್ಠ ಹತ್ತು ಸುತ್ತು. ಹೆಚ್ಚಿನ ತಿಳಿವಳಿಕೆ ಬೇಕಾದವರು ಬಳ್ಳಾರಿಯ ವಿಜಯನಗರ ಶ್ರೀ ಕೃಷ್ಣದೇವರಾಯ ವಿಶ್ವವಿದ್ಯಾಲಯದ ರಸಾಯನಶಾಸ್ತ್ರ ವಿಭಾಗವನ್ನಾಗಲಿ, ಬೆಂಗಳೂರಿನ ನ್ಯಾನೋ ಮತ್ತು ಮೃದು ವಸ್ತು ವಿಜ್ಞಾನಗಳ ಕೇಂದ್ರವನ್ನಾಗಲಿ ವಿಚಾರಿಸಬಹುದು.

ಮೈಕ್ರೋಜೆಲ್ ಕ್ರಿಯಾವರ್ಧಕಗಳು ಸುಳ್ಳಲ್ಲ. ವಿಜ್ಞಾನ ಅವುಗಳ ಬೆನ್ನಿಗಿದೆ. ಔಷಧ ಮತ್ತು ಸೂಕ್ಷ್ಮ ರಾಸಾಯನಿಕಗಳಂತಹ ಬೆಲೆಬಾಳುವ ವಸ್ತುಗಳ ತಯಾರಿಕೆಯಲ್ಲಿ, ಶುದ್ಧ ದ್ರಾವಣಗಳಲ್ಲಿ, ಅವುಗಳಿಗೆ ಮೊದಲು ಸ್ಥಾನ ದೊರೆಯಬಹುದು. ಅಗ್ಗದ ದರದಲ್ಲಿ ಸಾವಿರಾರು ಲೀಟರ್ ಕೊಳೆ ನೀರನ್ನು ಸಂಸ್ಕರಿಸಬೇಕಾದ ಕಡೆ ಅವು ಇಂದಿಗೆ ಕೈಗೆಟುಕುವ ಪರಿಹಾರವಲ್ಲ. ಅಲ್ಲಿಯವರೆಗೆ ಸಣ್ಣ ಉದ್ಯಮಿಗೆ ಈ ವಿದ್ಯೆಯಿಂದ ದೊರೆಯುವ ನಿಜವಾದ ಲಾಭವೆಂದರೆ ಅದು ಕಲಿಸುವ ಲೆಕ್ಕದ ಕ್ರಮ. ಈಗಾಗಲೇ ಬಳಕೆಯಲ್ಲಿರುವ ನಿಕ್ಕಲ್, ಸೋಸುವ ಪುಡಿ, ಬಣ್ಣ, ಹೈಡ್ರೋಸ್ ಮುಂತಾದ ಪ್ರತಿಯೊಂದು ವಸ್ತುವಿನ ಮುಂದೆಯೂ ಇಷ್ಟು ಹೋಯಿತು, ಇಷ್ಟು ಮರಳಿತು ಎಂಬ ಎರಡು ಅಂಕಣಗಳನ್ನು ಬರೆಯಲು ತೊಡಗಿದರೆ, ಹೊಸ ಯಂತ್ರ ಕೊಳ್ಳದೆಯೇ ಉಳಿಸಬಹುದಾದ ಹಣ ಎಷ್ಟೆಂಬುದು ವರ್ಷಾಂತ್ಯದ ಹೊತ್ತಿಗೆ ಪುಸ್ತಕದಲ್ಲಿಯೇ ಕಾಣಿಸುತ್ತದೆ.